ಸಾವಿರ ಚಹಾದ ನಂಬಿಕೆ

ಒಮಾನಿನ ಸೂರ್‌ನಲ್ಲಿ ಆಗ ಒಂದು ಕರಕ್ ಚಹಾಕ್ಕೆ 100 ಬೈಸಾ. 2020ರ ಜುಲೈಯಲ್ಲಿ ಒಮಾನ್ ಸರ್ಕಾರ ಮಾಸ್ಕ್ ಹಾಕದವರ ದಂಡವನ್ನು 100 ರಿಯಾಲಿಗೆ ಏರಿಸಿತು. ಅಂದರೆ ಮೂಗು ಹೊರಗಿಟ್ಟ ತಪ್ಪಿಗೆ ಸಾವಿರ ಚಹಾ. ಈ ಲೆಕ್ಕ ತಲೆಗೆ ಹೊಕ್ಕ ಕ್ಷಣದಿಂದ ನನಗೆ ಸಾರ್ವಜನಿಕ ಆರೋಗ್ಯದ ಬಗ್ಗೆ ವಿಪರೀತ ಕಾಳಜಿ ಹುಟ್ಟಿತು.

ಅದೇ ತಿಂಗಳ 25ರಿಂದ ಸಂಜೆ ಏಳಕ್ಕೆ ಊರೇ ಬಂದ್. ಕಡಲ ದಂಡೆಯ ಅಂಗಡಿಗಳ ಶಟರ್ ದಡದಡ ಇಳಿದರೆ ಆಮೇಲೆ ಎಚ್ಚರವಿರುವುದು ಐಜಾದ ದೀಪಸ್ತಂಭ ಮಾತ್ರ. ಏಳೇ ಯಾಕೆ, ಎಂಟು ಯಾಕಲ್ಲ ಎಂದು ಯಾರೂ ಕೇಳಲಿಲ್ಲ. ಕುಂದಾಪುರದಲ್ಲಿರುವ ಭಾವನಿಗೆ ಫೋನು ಮಾಡಿ ಜಂಭ ಕೊಚ್ಚಿದೆ: "ಇಲ್ಲಿ ಜನ ಸರ್ಕಾರವನ್ನು ನಂಬ್ತಾರೆ ಭಾವ."

"ನಂಬ್ತಾರೋ, ಹೆದರ್ತಾರೋ?"

"ಕೆಲಸ ಆದ್ರೆ ಸಾಕಲ್ಲ."

ಭಾವ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮಂತ್ರಿಗಳು ಹೇಳಿದ್ದನ್ನು ತಾರೀಕು ಸಮೇತ ನೆನಪಿಟ್ಟುಕೊಳ್ಳುವ ಕೆಟ್ಟ ಚಟ ಅವರಿಗೆ. ಸರ್ಕಾರಕ್ಕೆ ನಿಜವಾದ ಅಪಾಯ ಇಂಥವರಿಂದಲೇ. ವಾಟ್ಸಾಪ್ ವದಂತಿಯನ್ನಾದರೆ ಸುಳ್ಳು ಎಂದು ತಳ್ಳಿಹಾಕಬಹುದು.

2020ರ ಮಾರ್ಚ್ 13ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು ಅದ್ದೂರಿ ಮದುವೆ ಬೇಡ ಎಂದರು. 15ಕ್ಕೆ ಬೆಳಗಾವಿಯಲ್ಲಿ ವಿಧಾನ ಪರಿಷತ್ ಸದಸ್ಯರೊಬ್ಬರ ಮಗಳ ಅದ್ದೂರಿ ಮದುವೆಗೆ ತಾವೇ ಹೋಗಿ ಅಕ್ಷತೆ ಹಾಕಿ ಬಂದರು. ಜುಲೈಯಲ್ಲಿ ಆರೋಗ್ಯ ಸಚಿವ ಶ್ರೀರಾಮುಲು, ನಮ್ಮನ್ನು ಇನ್ನು ದೇವರೇ ಕಾಪಾಡಬೇಕು ಎಂದುಬಿಟ್ಟರು. ಮರುದಿನ ಅದಕ್ಕೊಂದು ಸ್ಪಷ್ಟನೆಯೂ ಬಂತು. ಭಾವ ಇವತ್ತಿಗೂ ಹೇಳುತ್ತಾರೆ, ಆ ಎರಡು ವರ್ಷದಲ್ಲಿ ಇಲಾಖೆಯಿಂದ ಬಂದ ನಂಬಬಹುದಾದ ಏಕೈಕ ಹೇಳಿಕೆ ಅದು, ಅದನ್ನೂ ವಾಪಸ್ ತಗೊಂಡರು ಎಂದು.

ಆದರೆ ಅವರ ಅಚ್ಚುಮೆಚ್ಚಿನದು ಡಿಸೆಂಬರಿನ ಕರ್ಫ್ಯೂ. 23ರಂದು ಸರ್ಕಾರ ಹೇಳಿತು, ಇವತ್ತು ರಾತ್ರಿ ಹತ್ತರಿಂದ ಕರ್ಫ್ಯೂ. ಸ್ವಲ್ಪ ಹೊತ್ತಿಗೆ, ಇವತ್ತಲ್ಲ ನಾಳೆ, ಹತ್ತಲ್ಲ ಹನ್ನೊಂದು. ಮರುದಿನ ಸಂಜೆ, ಕರ್ಫ್ಯೂವೇ ಇಲ್ಲ. ಒಂದು ರಾತ್ರಿಯನ್ನೂ ಕಾಣದೆ ತೀರಿಕೊಂಡ ರಾತ್ರಿ ಕರ್ಫ್ಯೂ! ಜನರಿಗೆ ಬೇಡವಂತೆ, ಅದಕ್ಕೆ ಹಿಂದಕ್ಕೆ ತಗೊಂಡೆವು ಎಂದರು ಮುಖ್ಯಮಂತ್ರಿ.

"ಜನರಿಗೆ ಬೇಡ, ಸರಿ. ಬೇಕು ಅಂದಿದ್ದ ತಜ್ಞರು ಎಲ್ಲಿಗೆ ಹೋದ್ರು ಮಾರಾಯ? ಒಂದೇ ದಿನದಲ್ಲಿ ಅವರಿಗೆ ಜ್ಞಾನೋದಯ ಆಯ್ತಾ?"

ನನ್ನ ಬಳಿ ಉತ್ತರ ಇರಲಿಲ್ಲ. ಇಲ್ಲಿ ಪ್ರಶ್ನೆಯೇ ಇಲ್ಲವಾದ್ದರಿಂದ ಉತ್ತರದ ಅಭ್ಯಾಸವೂ ತಪ್ಪಿಹೋಗಿದೆ.

2021ರ ಮೇ ತಿಂಗಳಲ್ಲಿ ಭಾವ ತಮಾಷೆ ಮಾಡಲಿಲ್ಲ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಮಂದಿ ಸತ್ತಿದ್ದರು. ಆಕ್ಸಿಜನ್ ಇಲ್ಲದೆ ಸತ್ತವರು ಮೂರೇ ಮಂದಿ ಎಂದರು ಆಗಿನ ಆರೋಗ್ಯ ಸಚಿವ ಸುಧಾಕರ್. ಮುಂದೆ ಹೈಕೋರ್ಟ್ ನೇಮಿಸಿದ ಸಮಿತಿಯ ಲೆಕ್ಕ ಮೂರಕ್ಕೆ ನಿಲ್ಲಲಿಲ್ಲ. "ಸೊಸೈಟಿಯಲ್ಲಿ ಮೂರು ರೂಪಾಯಿ ತಾಳೆಯಾಗದಿದ್ರೆ ನಾವು ಮನೆಗೆ ಹೋಗ್ತಿರ್ಲಿಲ್ಲ" ಎಂದಷ್ಟೇ ಹೇಳಿ ಫೋನಿಟ್ಟರು.

2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇರುವಾಗಲೇ ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸಿನವರು ಮೇಕೆದಾಟು ಯೋಜನೆಗಾಗಿ ಪಾದಯಾತ್ರೆ ಹೊರಟರು. ಹೈಕೋರ್ಟ್ ಗದರಿದ ಮೇಲೆ ಕಾಲು ನೋವು ನೆನಪಾಯಿತು. ಅಲ್ಲಿಗೆ ಭಾವನ ಲೆಡ್ಜರಿನ ಎರಡೂ ಪುಟ ತುಂಬಿದವು. ಅದೇ ತಿಂಗಳು ಅರುವತ್ತು ದಾಟಿದ, ಬೇರೆ ಕಾಯಿಲೆಯೂ ಇದ್ದವರಿಗೆ ಬೂಸ್ಟರ್ ಬಂತು. ಭಾವ ಬೇಡವೆಂದರು. ಅಕ್ಕ ಗೋಗರೆದಳು, ನೀನಾದರೂ ಹೇಳು ಎಂದು ಫೋನನ್ನು ಅವರ ಕೈಗೆ ಕೊಟ್ಟಳು.

"ಲಸಿಕೆ ವಿಜ್ಞಾನದ್ದು ಭಾವ, ಮಂತ್ರಿಗಳದ್ದಲ್ಲ."

"ವಿಜ್ಞಾನ ನನಗೆ ಫೋನ್ ಮಾಡಿಲ್ಲ. ಹೇಳಿದ್ದು ಆ ಮೂರರ ಲೆಕ್ಕದವರೇ."

"ಇಲ್ಲಿ ನೋಡಿ, ಎಲ್ಲರೂ ಸಾಲಲ್ಲಿ ನಿಂತು ಚುಚ್ಚಿಸಿಕೊಳ್ತಿದ್ದಾರೆ."

"ಹೌದಾ? ನಿಮ್ಮ ಸೂರಿನಲ್ಲಿ ಸರ್ಕಾರ ಒಂದು ಲೆಕ್ಕ ತಪ್ಪು ಹೇಳಿತು ಅಂತಿಟ್ಟುಕೋ. ನೀನು ಹೀಗೇ ಜೋರಾಗಿ ಫೋನಲ್ಲಿ ಹೇಳ್ತೀಯಾ?"

ಚಹಾದಂಗಡಿಯ ಪಕ್ಕದ ಮೇಜಿನಲ್ಲಿ ಯಾರೋ ಕೂತಿದ್ದರು. ನಾನು ಮಾಸ್ಕ್ ಮೂಗಿನ ಮೇಲಕ್ಕೆ ಎಳೆದುಕೊಂಡೆ.

"ಈ ವರ್ಷ ಮಾವು ಹೂ ಬಿಟ್ಟಿತಾ ಭಾವ?"