ಅರಬ್ಬೀ ಸಮುದ್ರದವರಿಗೆ ಒಂದು ದೂರು ಅರ್ಜಿ

ಇವರಿಗೆ,
ಶ್ರೀಯುತ ಅರಬ್ಬೀ ಸಮುದ್ರ,
ತಲಪಾಡಿಯಿಂದ ಕಾರವಾರದವರೆಗೆ.

ವಿಷಯ: ಪ್ರವಾಸಿ ಕುಟುಂಬವೊಂದಕ್ಕೆ ಆಗಿರುವ ಸೇವಾ ನ್ಯೂನತೆಯ ಬಗ್ಗೆ.

ಮಾನ್ಯರೇ,

ಬಾಡಿಗೆ ಇನ್ನೋವಾ ಮಾಡಿಕೊಂಡು, ಶಿರಾಡಿ ಘಾಟಿಯ ತಿರುವಿನಲ್ಲೆಲ್ಲ ಮಕ್ಕಳ ವಾಂತಿ ಒರೆಸಿಕೊಂಡು, ನಿಮ್ಮನ್ನು ನೋಡಲೆಂದೇ ಬೆಂಗಳೂರಿನಿಂದ ಬಂದಿದ್ದ ತೆರಿಗೆದಾರರ ಕುಟುಂಬ ನಮ್ಮದು. ನಮ್ಮ ರಾಜ್ಯವೊಂದರಲ್ಲೇ 300 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಮಲಗಿದ್ದೀರಿ. ಅಷ್ಟುದ್ದಕ್ಕೂ ಇರುವುದು ಒಂದೇ ಐಟಂ, ನೀರು. ಅದರಲ್ಲೂ ಉಪ್ಪು ಜಾಸ್ತಿ.

ಸೇಂಟ್ ಮೇರೀಸ್ ದ್ವೀಪದ ವಿಚಾರಕ್ಕೇ ಬನ್ನಿ. ಮಲ್ಪೆಯಿಂದ ದೋಣಿ ಹತ್ತಿ ಹೋದರೆ ಕಂಬ ಕಂಬವಾಗಿ ನಿಂತ ಕಲ್ಲುಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವಾಗ ಉಕ್ಕಿದ ಲಾವಾ ಆರಿ ಹೀಗಾಗಿದೆಯಂತೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಂತೆ. ಎಲ್ಲ ಸರಿ. ಇಷ್ಟು ಕಾಲಾವಕಾಶ ಸಿಕ್ಕಿಯೂ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಿಸಲು ನಿಮ್ಮ ಕೈಲಾಗಲಿಲ್ಲವೇ?

ಮರವಂತೆಯಲ್ಲಿ ಆದದ್ದು ಇನ್ನೂ ಗಂಭೀರ. ಒಂದು ಕಡೆ ನೀವು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಭಾವ ಹೆದ್ದಾರಿಯ ಅಂಚಿನಲ್ಲೇ ಗಾಡಿ ನಿಲ್ಲಿಸಿದರು. ಫೋಟೋದಲ್ಲಿ ಕಡಲೂ ಬೇಕು, ಹೊಳೆಯೂ ಬೇಕು, ಇಡೀ ಸಂಸಾರವೂ ಬೇಕು. ಎಷ್ಟು ಹಿಂದೆ ಸರಿದರೂ ಮೂರೂ ಒಟ್ಟಿಗೆ ಸಿಗಲೊಲ್ಲವು. ಐಸ್ ನೀರು ಸುರಿಸುತ್ತ ಬಂದ ಮೀನಿನ ಲಾರಿಯೊಂದು ಬೆನ್ನ ಹಿಂದೆ ನಿಂತು ಹಾರ್ನ್ ಒತ್ತಿದ್ದೇ ಒತ್ತಿದ್ದು. ಈ ಗದ್ದಲದಲ್ಲಿ ನಮ್ಮ ಅತ್ತೆ ತಡೆಗೋಡೆಯ ಕಲ್ಲೊಂದರ ಮೇಲೆ ಕೂತು, ಮೊಬೈಲನ್ನೂ ಹೊರತೆಗೆಯದೆ, ಸುಮ್ಮನೆ ನಿಮ್ಮನ್ನೇ ನೋಡುತ್ತಿದ್ದರು. “ಏಳಿ ಅತ್ತೆ, ಲಿಸ್ಟಿನಲ್ಲಿ ಇನ್ನೂ ನಾಲ್ಕು ಬೀಚ್ ಇವೆ” ಎಂದು ಎಬ್ಬಿಸಬೇಕಾಯಿತು. ಹಿರಿಯರ ಸಮಯವನ್ನು ಹೀಗೆ ಪೋಲು ಮಾಡಿಸುವುದು ನಿಮಗೆ ಶೋಭೆ ತರುವಂಥದ್ದಲ್ಲ.

ಅಲ್ಲೇ ನನ್ನ ಮಗ ನೀರಿಗಿಳಿಯಲು ಹೊರಟ. ಬಲೆಯ ಗಂಟು ಬಿಡಿಸುತ್ತಿದ್ದ ಅಜ್ಜರೊಬ್ಬರು ತಲೆಯೆತ್ತಿ, “ಹ್ವಾಯ್, ಇಳಿಬೇಡಿ ಮರಾಯ್ರೆ, ಎಳ್ಕಂಡ್ ಹೋತ್ತ್” ಅಂದರು. ಅವನಿಗೆ ಸ್ವಿಮ್ಮಿಂಗ್ ಕ್ಲಾಸಿನಲ್ಲಿ ಸರ್ಟಿಫಿಕೇಟ್ ಬಂದಿದೆ ಎಂದು ಮೊಬೈಲಿನಲ್ಲಿ ತೋರಿಸಿದೆ. ಅಜ್ಜ ಸರ್ಟಿಫಿಕೇಟ್ ನೋಡಿದರು, ಒಮ್ಮೆ ನಿಮ್ಮನ್ನು ನೋಡಿದರು, ಮತ್ತೆ ಬಲೆಗೆ ಕೈ ಹಾಕಿದರು. ತಮ್ಮ ಸ್ಥಳೀಯ ಸಿಬ್ಬಂದಿಗೆ ಗ್ರಾಹಕ ಸೇವೆಯ ತರಬೇತಿ ಕೊಡಿಸುವುದು.

ಮುರುಡೇಶ್ವರದಲ್ಲಿ 123 ಅಡಿಯ ಶಿವನಿದ್ದಾನೆ, ಗೋಪುರಕ್ಕೆ ಲಿಫ್ಟ್ ಇದೆ. ಪಕ್ಕದಲ್ಲೇ ಇದ್ದೀರಿ, ನೋಡಿ ಕಲಿಯಬಾರದೇ? ಸಂಜೆ ಗೋಬಿ ಮಂಚೂರಿ ಹೇಳಿ ಕೂತಿದ್ದೆವು. ಅದು ಟೇಬಲ್ಲಿಗೆ ಬರುವಷ್ಟರಲ್ಲಿ ಸೂರ್ಯನನ್ನು ಮುಳುಗಿಸಿಬಿಟ್ಟಿರಿ. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಅಷ್ಟು ಚೊಕ್ಕಟವಾದ ಮರಳಿನ ಮೇಲೆ ಚಿಪ್ಸ್ ಪ್ಯಾಕೆಟ್ ಬಿಸಾಡಲು ಮನಸ್ಸಾದರೂ ಹೇಗೆ ಬರುತ್ತದೆ? ಸಂಸ್ಕಾರವಂತರು ನಾವು, ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿ, ಮುಂದಿನ ಊರಿನ ಬೀಚಿನಲ್ಲಿ ಬಿಸಾಡಿದೆವು.

ಕಾರವಾರದಲ್ಲಂತೂ ತಾರತಮ್ಯ ಎದ್ದು ಕಂಡಿತು. ಹರೆಯದ ರವೀಂದ್ರನಾಥ ಟ್ಯಾಗೋರರು ಅಲ್ಲಿ ಬಂದು ತಂಗಿದಾಗ ಅವರಿಂದ ಒಂದು ನಾಟಕವನ್ನೇ ಬರೆಸಿದಿರಿ. ಅವರ ಅಣ್ಣ ಆಗ ಅಲ್ಲಿ ನ್ಯಾಯಾಧೀಶರಾಗಿದ್ದರಲ್ಲ, ಅದಕ್ಕೇ ಇರಬೇಕು. ಯಾವ ಶಿಫಾರಸೂ ಇಲ್ಲದ ನನ್ನಿಂದ ನೀವು ಬರೆಸಿದ್ದು “ಬೀಚ್ ವೈಬ್ಸ್” ಎಂಬ ಎರಡೇ ಪದ, ಅದೂ ಲಾಡ್ಜಿನ ವೈಫೈ ಸಿಕ್ಕ ಮೇಲೆ.

ಅರಬೈಲು ಘಾಟಿ ಹತ್ತಿ ಊರು ಸೇರಿದ ಮೇಲಾದರೂ ನಿಮ್ಮ ಕಾಟ ತಪ್ಪೀತು ಅಂದುಕೊಂಡರೆ, ವಾಷಿಂಗ್ ಮಷೀನಿನಲ್ಲಿ ನಿಮ್ಮ ಮರಳು. ಸೋಮವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಗ್ರೂಪಿಗೆ ನಿಮ್ಮ ಫೋಟೋ ಹಾಕಿದೆ. ಅದರ ಬೆನ್ನಿಗೇ ಇನ್ನೊಂದು ಸಂದೇಶ ಬಂತು: “ಇವತ್ತು ಟ್ಯಾಂಕರ್ ಬರಲ್ಲ, ಬಕೆಟ್ ತುಂಬಿಸಿಟ್ಕೊಳ್ಳಿ.” ಮೂರನೇ ಮಹಡಿಯವರು ಅಳುವ ಮುಖ ಒತ್ತಿದ್ದು ಯಾವುದಕ್ಕೆಂದು ಇನ್ನೂ ಗೊತ್ತಾಗಿಲ್ಲ.

ಇನ್ನು ಆಫೀಸು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಮರಿ ಮಾಡಲೆಂದು ಯಾಂತ್ರಿಕ ದೋಣಿಗಳೆಲ್ಲ ದಡ ಸೇರುತ್ತವೆಂದು ಮಲ್ಪೆಯಲ್ಲಿ ಕೇಳಿ ಬಂದಿದ್ದೆ. ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ನಮ್ಮ ಮ್ಯಾನೇಜರು, “ಮೀನಿಗೆ ಸಿಗತ್ತೆ ಬಿಡ್ರಿ” ಎಂದು ನನ್ನ ಮುಂದಿನ ರಜೆಯ ಅರ್ಜಿಯನ್ನು ತಿರಸ್ಕರಿಸಿದರು. ನಷ್ಟದ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ಮನೆಯಲ್ಲಿ ನೋಡಿದರೆ ಅತ್ತೆ, ಟಿವಿಯ ಸದ್ದು ತಗ್ಗಿಸಿ, “ಆ ಕಲ್ಲಿನ ಹತ್ರ ಇನ್ನೊಂದು ಸಲ ಕರ್ಕೊಂಡು ಹೋಗ್ತೀರಾ? ಅಲ್ಲಿಗೊಂದೇ ಸಾಕು” ಅನ್ನುತ್ತಾರೆ. ಒಂದೇ ಜಾಗಕ್ಕಾಗಿ ಅಷ್ಟು ದೂರ ಯಾರಾದರೂ ಹೋಗುತ್ತಾರೆಯೇ? ಮುದುಕಿಯ ತಲೆ ಕೆಡಿಸಿದ ಹೊಣೆಯೂ ನಿಮ್ಮದೇ.

ಪರಿಹಾರವನ್ನೇನೂ ಕೇಳುತ್ತಿಲ್ಲ. ನಮ್ಮ ಮೂರು ನೀರಿನ ಬಾಟಲಿ, ಮೇಲೆ ಹೇಳಿದ ಚಿಪ್ಸ್ ಪ್ಯಾಕೆಟ್, ಒಂದು ಡೈಪರ್ ಮತ್ತು ಮಗನ ಎಡಗಾಲಿನ ಚಪ್ಪಲಿ ತಮ್ಮ ವಶದಲ್ಲಿವೆ. ಚಪ್ಪಲಿಯೊಂದನ್ನು ಮಾತ್ರ ಹಿಂದಿರುಗಿಸಬೇಕು. ಮಿಕ್ಕಿದ್ದು ತಮ್ಮಲ್ಲೇ ಇರಲಿ.

ಇಂತಿ,
ನೊಂದ ಗ್ರಾಹಕ

ಲಗತ್ತು: ಟೋಲ್ ಕಡಿತದ ವಿವರ, ಗುರುತಿಗಾಗಿ ಬಲಗಾಲಿನ ಚಪ್ಪಲಿಯ ಭಾವಚಿತ್ರ.