ಮೇಜು ರೇಡಿಯೊದ ಗುಣಪರೀಕ್ಷೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಪಡಸಾಲೆಗೆ ಹೊಸ ಮೇಜು ರೇಡಿಯೊ ಬಂದಾಗ ಅದರ ಗುಣವನ್ನು ನಿರ್ಣಯಿಸುವ ಅಧಿಕಾರವು ಹಣ ಕೊಟ್ಟವರಿಗೆ ಇರುವುದಿಲ್ಲ. ಆ ಅಧಿಕಾರವು ಮನೆಯ ಹಿರಿಯರಿಗೆ, ಕಟ್ಟೆಯ ಮೇಲೆ ಕೂತ ನೆರೆಯವರಿಗೆ ಮತ್ತು ಆ ಹೊತ್ತಿಗೆ ಬಂದಿರುವ ಬೀಗರಿಗೆ ಸೇರಿದ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು ಹೈದರಾಬಾದಿನ ಡೆಕ್ಕನ್ ರೇಡಿಯೊವನ್ನು ಕಂಡ, 1966ರಲ್ಲಿ ಕಲಬುರಗಿಯಲ್ಲೇ ಆಕಾಶವಾಣಿ ಕೇಂದ್ರವನ್ನು ಪಡೆದ ಈ ಭಾಗದಲ್ಲಿ ರೇಡಿಯೊ ಕುರಿತು ಅಭಿಪ್ರಾಯವಿಲ್ಲದವರು ವಿರಳ. ಈ ಪರೀಕ್ಷೆಗೆ ಗ್ರಹಣ ಮತ್ತು ಧ್ವನಿ ಎಂಬ ಎರಡು ಅಂಗಗಳಿವೆ. ಬೆಲೆ ಎಂಬ ಮೂರನೆಯ ಅಂಗವನ್ನು ಕೇಳಿದವರಿಗೆಲ್ಲ ಕಡಿಮೆ ಮಾಡಿಯೇ ಹೇಳುವ ರೂಢಿ ಇರುವುದರಿಂದ ಅದು ಶಾಸ್ತ್ರೀಯ ವಿವೇಚನೆಗೆ ಒದಗುವುದಿಲ್ಲ.

ಡಬ್ಬಿಯ ಮೇಲೆ ‘ಡಿಜಿಟಲ್’ ಎಂದು ಅಚ್ಚಾಗಿರುವ ಸೆಟ್ಟುಗಳಲ್ಲಿ ಬಹುಪಾಲು ಹಳೆಯ ಪ್ರಸಾರವನ್ನೇ ಹಿಡಿದು, ಮುಳ್ಳಿನ ಬದಲು ಅಂಕಿಯಲ್ಲಿ ತೋರಿಸುತ್ತವೆ. ಪ್ರಸಾರವೇ ಅಂಕೀಯವಾಗಿರುವ ಡಿಆರ್‌ಎಂ ಪದ್ಧತಿಯನ್ನು ಆಕಾಶವಾಣಿಯು ಧಾರವಾಡ, ಬೆಂಗಳೂರು, ಹೈದರಾಬಾದುಗಳ ಮಧ್ಯಮ ತರಂಗ ಪ್ರಸಾರಕಗಳಲ್ಲಿ ಅಳವಡಿಸಿದೆಯಾದರೂ ಅದಕ್ಕೆ ಬೇರೆ ಜಾತಿಯ ಸೆಟ್ಟು ಬೇಕು; ಅದರಲ್ಲಿ ಧ್ವನಿ ಬಂದರೆ ಸ್ವಚ್ಛವಾಗಿ ಬರುತ್ತದೆ, ಸಂಕೇತ ತುಸು ಕುಂದಿದರೆ ಗರಗರ ಎಂಬ ಮುನ್ಸೂಚನೆಯೂ ಇಲ್ಲದೆ ಮೌನವಾಗುತ್ತದೆ. ಅಂಕಿ ತೋರಿಸುವ ಸೆಟ್ಟಿಗೂ ತನ್ನದೇ ಆದ ಅಪಾಯವಿದೆ. ಕಲಬುರಗಿಯ ಮಧ್ಯಮ ತರಂಗ 1107 ಕಿಲೋಹರ್ಟ್ಸ್; ಆಕಾಶವಾಣಿಯ ಉರ್ದು ಸೇವೆಗೆ ಬಳಕೆಯಾಗುತ್ತ ಬಂದ ರಾಜಕೋಟದ ಒಂದು ಸಾವಿರ ಕಿಲೋವಾಟ್ ಪ್ರಸಾರಕದ್ದು 1071. ಅಂಕಿಗಳು ಹಿಂದುಮುಂದಾದರೆ ಹಗಲು ಬರೀ ಸದ್ದು, ರಾತ್ರಿ ನಿರರ್ಗಳ ಉರ್ದು; ಕೃಷಿ ಕಾರ್ಯಕ್ರಮಕ್ಕೆ ಕಾದು ಕೂತ ಹಿರಿಯರು ಇದನ್ನು ಸರ್ಕಾರದ ಹೊಸ ಧೋರಣೆಯೆಂದು ವ್ಯಾಖ್ಯಾನಿಸಿದರೆ ಆಶ್ಚರ್ಯವಿಲ್ಲ.

ಗ್ರಹಣದ ಪರೀಕ್ಷೆಯಲ್ಲಿ ದಿಕ್ಕಿಗೆ ಅಗ್ರಸ್ಥಾನ. ಮಧ್ಯಮ ತರಂಗವನ್ನು ಹಿಡಿಯುವುದು ಮೇಲೆ ಎಳೆಯುವ ಕಡ್ಡಿಯಲ್ಲ, ಸೆಟ್ಟಿನೊಳಗೆ ಅಡ್ಡಲಾಗಿ ಮಲಗಿರುವ, ತಂತಿ ಸುತ್ತಿದ ಫೆರೈಟ್ ದಂಡ; ಅದರ ಪಕ್ಕ ಕೇಂದ್ರದ ಕಡೆಗಿದ್ದರೆ ಧ್ವನಿ ಗಟ್ಟಿ, ತುದಿ ಕೇಂದ್ರದ ಕಡೆಗಿದ್ದರೆ ಕ್ಷೀಣ. ಕಲಬುರಗಿಯು ಜೇವರ್ಗಿಗೆ ಉತ್ತರದಲ್ಲಿ, ಆಳಂದಕ್ಕೆ ಆಗ್ನೇಯದಲ್ಲಿ, ಅಫಜಲಪುರಕ್ಕೆ ಪೂರ್ವದ ಕಡೆಗೆ ಇರುವುದರಿಂದ, ಜೇವರ್ಗಿಯ ಬೀಗರು ಆಳಂದಕ್ಕೆ ಬಂದು “ಕಿಡಕಿ ಕಡಿ ತಿರುವ್ರಿ ಕಾಕಾ, ನಮ್ಮನ್ಯಾಗ ಹಂಗೇ ಇಟ್ಟೀವಿ” ಎಂದು ಕೊಡುವ ಸಲಹೆಯು ಸಂಬಂಧದ ದೃಷ್ಟಿಯಿಂದ ಪಾಲನೀಯವಾದರೂ ವಿಜ್ಞಾನದ ದೃಷ್ಟಿಯಿಂದ ನಿಷ್ಫಲ. ಅವರು ಊರಿಗೆ ಹೋದ ಮೇಲೆ ಸೆಟ್ಟನ್ನು ಸದ್ದಿಲ್ಲದೆ ಮತ್ತೆ ತಿರುಗಿಸಿಡುವುದು ಉಭಯ ಶಾಸ್ತ್ರಗಳಿಗೂ ಸಮ್ಮತ. ಎಳೆಯುವ ಕಡ್ಡಿಯ ಉಪಯೋಗ ಎಫ್‌ಎಂಗೆ. ಅದರ ತರಂಗ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುವುದರಿಂದ ದೂರ ಹೆಚ್ಚಿದಷ್ಟೂ ಮಾಳಿಗೆಯ ಎತ್ತರಕ್ಕೆ ಬೆಲೆ ಬರುತ್ತದೆ.

ಸೂರ್ಯಾಸ್ತದ ನಂತರ ಮತ್ತೊಮ್ಮೆ ಪರೀಕ್ಷಿಸದೆ ತೀರ್ಪು ಕೊಡಬಾರದು. ಹಗಲಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ, ‘ಡಿ’ ಎಂದು ಕರೆಯಲಾಗುವ ವಾತಾವರಣದ ವಿದ್ಯುದಾವೇಶಿತ ಪದರ ರಾತ್ರಿ ಕರಗುತ್ತದೆ. ಆಗ ತರಂಗವು ಇನ್ನೂ ಮೇಲಿನ ಪದರಗಳಿಗೆ ತಾಗಿ ಮರಳುವುದರಿಂದ ದೂರದೂರದ ಕೇಂದ್ರಗಳು ಕರೆಯದೆ ಬರುತ್ತವೆ. 9 ಕಿಲೋಹರ್ಟ್ಸ್ ಅಂತರದಲ್ಲಿ ಕೂತ ನೆರೆಯ ಕೇಂದ್ರಗಳನ್ನು ಬೇರ್ಪಡಿಸುವ ಶಕ್ತಿಗೆ ಆಯ್ಕೆಶಕ್ತಿ ಎಂದು ಹೆಸರು. ಅದು ಸೆಟ್ಟಿಗೆ ಇದೆಯೋ ಇಲ್ಲವೋ ರಾತ್ರಿ ತಿಳಿಯುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳು ಎಬ್ಬಿಸುವ ಗರಗರವನ್ನು ಸೆಟ್ಟಿನ ದೋಷವೆಂದು ಭಾವಿಸಿ ಅಂಗಡಿಗೆ ಜಗಳಕ್ಕೆ ಹೋಗುವವರು, ಹೊರಡುವ ಮೊದಲು ಮೇನ್ ಸ್ವಿಚ್ ಇಳಿಸಿ ಸೆಲ್ಲಿನ ಮೇಲೆ ಕೇಳಿ ನೋಡುವುದು ಮರ್ಯಾದೆಗೆ ಒಳ್ಳೆಯದು. ಕರೆಂಟ್ ಹೋದಾಗ ಇಡೀ ಊರಿನ ಗದ್ದಲ ಅಡಗಿ ರೇಡಿಯೊ ಅತ್ಯುತ್ತಮವಾಗಿ ಕೇಳಿಸುತ್ತದೆ. ವಿದ್ಯುತ್ ಕಡಿತದ ಪರವಾಗಿ ಹೇಳಬಹುದಾದ ಏಕೈಕ ಮಾತು ಇದೇ ಇರಬೇಕು.

ಧ್ವನಿಯ ವಿಚಾರದಲ್ಲಿ ಅಂಗಡಿಯವರು ಮೊದಲು ಕೇಳಿಸುವುದು ಢಂಢಂ ಎನ್ನುವ ತಗ್ಗುಸ್ವರವನ್ನು. ಎಫ್‌ಎಂ ಪ್ರಸಾರವು 15 ಕಿಲೋಹರ್ಟ್ಸ್‌ವರೆಗಿನ ಸ್ವರಗಳನ್ನು ಹೊತ್ತು ತರುತ್ತದೆ. ಮಧ್ಯಮ ತರಂಗದ ಸೆಟ್ಟುಗಳು ಸಾಮಾನ್ಯವಾಗಿ ಸುಮಾರು 4ರಿಂದ 5 ಕಿಲೋಹರ್ಟ್ಸ್‌ಗೇ ನಿಲ್ಲುವುದರಿಂದ ಸ, ಶ, ಷಗಳು ಒಂದೇ ಆಗಿಬಿಡುತ್ತವೆ. ಶಕಾರ, ಷಕಾರಗಳ ನಷ್ಟವನ್ನು ಜನ ಸಹಿಸಿಕೊಂಡಾರು. ಆದರೆ ತಗ್ಗುಸ್ವರ ಹೆಚ್ಚಿ ಮಾತು ಮಸುಕಾದಾಗ ಮಾರುಕಟ್ಟೆ ವರದಿಯ ಎಪ್ಪತ್ತು ಎಂಬತ್ತಾಗಿ ಕೇಳಿಸುವ ಸಂಭವವಿದೆ. ತೊಗರಿ ಬೆಳೆಯುವ ಮನೆಯಲ್ಲಿ ಇದು ಧ್ವನಿದೋಷವಲ್ಲ, ಆರ್ಥಿಕ ದುರಂತ.

ಒಟ್ಟು ತೀರ್ಪು ಇಷ್ಟು: ಈ ಮೂರು ತಾಲ್ಲೂಕುಗಳಿಗೆ ಉದ್ದನೆಯ ಫೆರೈಟ್ ದಂಡವಿರುವ, ಮಾತನ್ನು ಬಿಡಿಬಿಡಿಯಾಗಿ ನುಡಿಯುವ, ಸೆಲ್ಲಿನ ಮೇಲೆಯೂ ನಡೆಯುವ ಸೆಟ್ಟೇ ಉತ್ತಮ, ಮಿನುಗುವ ದೀಪ, ಬ್ಲೂಟೂತ್‌ಗಳು ಅಲಂಕಾರ ಮಾತ್ರ. ಕೊಳ್ಳುವವರು ಅಂಗಡಿಯಲ್ಲಿ ಸಂಗೀತವನ್ನಲ್ಲ, ವಾರ್ತೆಯನ್ನು ಕೇಳಿ ನೋಡಬೇಕು. ಬೇಡವೆನಿಸಿದರೆ ಮರಳಿ ಕೊಡಲು ಒಪ್ಪಂದ ಮಾಡಿಕೊಂಡು, ಒಂದು ರಾತ್ರಿ ಮನೆಯಲ್ಲಿಟ್ಟು ಕೇಳಿದ ಮೇಲೆಯೇ ಪೂರ್ತಿ ಹಣ ಎಣಿಸಬೇಕು.