ಬಂದೂಕಿನ ಅಜ್ಞಾತವಾಸ

ಈ ಪ್ರಬಂಧದ ವ್ಯಾಪ್ತಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಸೀಮೆ. ವಿಷಯ, ಸಾರ್ವಜನಿಕ ಸ್ಥಳಗಳಲ್ಲಿ ಬಂದೂಕು ಒಯ್ಯುವ ಪದ್ಧತಿ. ದೀರ್ಘ ಕ್ಷೇತ್ರಕಾರ್ಯದಲ್ಲಿ ನಮ್ಮ ಕಣ್ಣಿಗೆ ಬಿದ್ದ ಬಂದೂಕು ಎರಡೇ. ಒಂದು ಬ್ಯಾಂಕಿನ ಬಾಗಿಲಲ್ಲಿ, ಇನ್ನೊಂದು ಬಸ್ಸಿನಲ್ಲಿ. ಇದಕ್ಕಿಂತ ಕಡಿಮೆ ಸಾಮಗ್ರಿಯ ಮೇಲೆ ದೊಡ್ಡ ದೊಡ್ಡ ಸಿದ್ಧಾಂತ ಕಟ್ಟಿದವರು ನಮ್ಮ ವಿದ್ವತ್ ಲೋಕದಲ್ಲಿ ಇರುವುದರಿಂದ ನಾವು ಅಂಜಲಿಲ್ಲ.

ಮೊದಲು ಸ್ಥಳನಾಮ. ಗದಗ ಎಂಬುದು ‘ಗದೆ’ಯಿಂದ ಬಂದಿದೆ ಎಂದು ಸಾಧಿಸುವ ಆಸೆ ನಮಗಿತ್ತು. ಶಾಸನಗಳು ಕ್ರತುಕ, ಗರ್ದುಗು ಎಂದೆಲ್ಲ ಹೇಳಿ ಆ ಆಸೆಯನ್ನು ಮುರಿದವು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಹುಲಿ ಇದ್ದ ಕೆರೆಗೆ ಕೋವಿ ಇಲ್ಲದೆ ಯಾರು ಹೋದಾರು ಎಂಬ ಅನುಮಾನ ಪ್ರಮಾಣ ನಮ್ಮ ಬಳಿ ಸಿದ್ಧವಿತ್ತು. ಆದರೆ ಪಂಪ ಆ ಊರಿನಿಂದ ಎತ್ತಿಕೊಂಡದ್ದು ತಿರುಳ್ಗನ್ನಡವನ್ನು ಮಾತ್ರ, ಹತ್ತನೆಯ ಶತಮಾನದಲ್ಲಿ, ಅದಕ್ಕೆ ಲೈಸೆನ್ಸೂ ಬೇಕಿರಲಿಲ್ಲ. ಹೀಗಾಗಿ ಸ್ಥಳನಾಮ ವಿಭಾಗವನ್ನು ಇಲ್ಲಿಗೇ ಮುಗಿಸುತ್ತೇವೆ.

ನಮ್ಮ ಸಿದ್ಧಾಂತ ಇದು: ಈ ಸೀಮೆಯಲ್ಲಿ ಬಂದೂಕಿನ ಚರಿತ್ರೆ ಎಂದರೆ ಅದನ್ನು ಹಾರಿಸಿದ ಚರಿತ್ರೆಯಲ್ಲ, ಒಪ್ಪಿಸಿದ ಚರಿತ್ರೆ. ಬಂದೂಕು ಬೀದಿಗೆ ಬರುವುದೇ ಒಪ್ಪಿಸಲು ಹೋಗುವಾಗ.

ಮೂಲ ಮಾದರಿ ಮಹಾಭಾರತದಲ್ಲಿದೆ. ಗದುಗಿನ ನಾರಣಪ್ಪ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಹಾಡಿದ ಕಥೆಯಾದ್ದರಿಂದ ಇದನ್ನು ಸ್ಥಳೀಯ ಆಕರವೆಂದೇ ಹಿಡಿಯಬಹುದು. ಪಾಂಡವರು ವಿರಾಟನಗರದ ಹೊರಗೆ ಬನ್ನಿಮರದ ಮೇಲೆ ಆಯುಧಗಳನ್ನು ಇಟ್ಟು, ಯಾರೂ ಹತ್ತಿರ ಸುಳಿಯದಂತೆ ಹೆಣವೊಂದನ್ನು ಕಟ್ಟಿ, ಊರೊಳಗೆ ಹೋಗಿ ಅಡುಗೆ, ಜೂಜು, ಕುಣಿತ, ದನ ಮೇಯಿಸುವುದು ಮುಂತಾದ ನಾಗರಿಕ ಕೆಲಸಗಳಲ್ಲಿ ತೊಡಗಿದರು. ಒಂದು ವರ್ಷದ ಠೇವಣಿ. ರಸೀದಿ ಇಲ್ಲ, ಗುರುತಿನ ಚೀಟಿ ಇಲ್ಲ. ಕಡೆಗೆ ಬಿಡಿಸಿಕೊಳ್ಳಲು ಹೋದಾಗ ಮರ ಹತ್ತಿದವನು ಉತ್ತರಕುಮಾರ, ಶಸ್ತ್ರದ ಮಾಲೀಕನಲ್ಲ. ಇಂದಿನ ಕಾಯ್ದೆ ಇದಕ್ಕೂ ಅವಕಾಶ ಕೊಟ್ಟಿದೆ ಎಂಬುದು ನಮ್ಮ ಶೋಧ. ಲೈಸೆನ್ಸುದಾರ ಎದುರಿಗೇ ಇದ್ದರೆ, ಅವನ ಬಳಕೆಗಾಗಿ, ಲೈಸೆನ್ಸಿಲ್ಲದವನೂ ಬಂದೂಕು ಹೊರಬಹುದು. ಗೌಡರ ಹಿಂದೆ ಬಂದೂಕು ಹೊತ್ತು ನಡೆಯುವ ಆಳುಮಗನಿಗೆ ಉತ್ತರಕುಮಾರನೇ ಕುಲಪುರುಷ. ಪೌರುಷದ ವಿಷಯದಲ್ಲೂ ಸಾಮ್ಯ ಕಂಡುಬಂದಿದೆ, ಅದನ್ನು ವಿಸ್ತರಿಸುವುದಿಲ್ಲ.

ಎರಡನೆಯ ಘಟ್ಟ 1857. ಉತ್ತರದಲ್ಲಿ ದಂಗೆ ಎದ್ದ ವರ್ಷ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಆಯುಧಗಳನ್ನು ತಂದು ತೋರಿಸಿ, ಬರೆಸಿ, ಪರವಾನಗಿ ಪಡೆಯಿರಿ, ಇಲ್ಲವೇ ಒಪ್ಪಿಸಿ ಎಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರಿಗೆ ಬೇಟೆಯ ಸಾಧನ, ಮನೆಯ ದೇವರು, ಹೊಟ್ಟೆಯ ದಾರಿ. ನವೆಂಬರಿನ ಕೊನೆಗೆ ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಅವರಲ್ಲಿ ಕೆಲವರನ್ನು ಅವರದೇ ಊರಿನಲ್ಲಿ. ಅದರ ಲಾವಣಿಯನ್ನು ಮುಂದೆ ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚು ಹಾಕಿಸಿದರು. ಆಯುಧವನ್ನು ಕಿತ್ತುಕೊಂಡ ಸರಕಾರದ ಅಧಿಕಾರಿಯೇ ಹಾಡನ್ನು ಜೋಪಾನ ಮಾಡಿದ.

ಮುಂದಿನ ಬೇಸಿಗೆಗೆ ಕಥೆ ನಮ್ಮ ಸೀಮೆಗೇ ಬಂತು. ಮುಂಡರಗಿ ಭೀಮರಾಯ ಹಿಂದೆ ಕಂಪನಿ ಸರಕಾರದಲ್ಲೇ ನೌಕರಿ ಮಾಡಿದವನು, ಆದ್ದರಿಂದ ಕಾಗದಪತ್ರದ ಮಹಿಮೆ ಬಲ್ಲವನು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಸರಕಾರಕ್ಕೆ ಹತ್ತಿ, ಅಲ್ಲಿ ಪಹರೆ ಕೂತಿತು. 1858ರ ಮೇ ತಿಂಗಳಲ್ಲಿ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಪಹರೆ ಮುರಿದು ಆಯುಧ ಎತ್ತಿಕೊಂಡರು, ಡಂಬಳದ ಖಜಾನೆ ಒಡೆದರು, ಕೊಪ್ಪಳದ ಕೋಟೆ ಹಿಡಿದರು. ಅದೇ ಹೊತ್ತಿಗೆ ಅತ್ತ ನರಗುಂದದ ಅರಸ ಬಾಬಾಸಾಹೇಬ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್‌ಸನ್ ಸಾಹೇಬನನ್ನು ಕೊಂದ. ಜೂನ್ ಹುಟ್ಟುವ ಹೊತ್ತಿಗೆ ಭೀಮರಾಯ, ಕೆಂಚನಗೌಡ ಇಬ್ಬರೂ ಕೊಪ್ಪಳದ ಕೋಟೆಯಲ್ಲಿ ಮಡಿದಿದ್ದರು. ನರಗುಂದದ ಅರಸನನ್ನು ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಠಾಣೆಗೆ ಹೋದ ಬಂದೂಕನ್ನು ಅರ್ಜಿ ಕೊಡದೆ ಬಿಡಿಸಿಕೊಂಡ ದಾಖಲೆ ಈ ಸೀಮೆಯಲ್ಲಿ ನಮಗೆ ಸಿಕ್ಕದ್ದು ಇದೊಂದೇ. ಇಂದು ಹಮ್ಮಿಗಿಗೆ ಹೋದರೆ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಕಾಣುತ್ತದೆ. ಅಲ್ಲಿ ಈಗ ಕೂಡಿಡುವುದು ನೀರು.

ಆಮೇಲೆ 1878ರಲ್ಲಿ ವೈಸರಾಯ್ ಲಿಟನ್ ಸಾಹೇಬನ ಶಸ್ತ್ರ ಕಾಯ್ದೆ ಬಂತು. ಕೊಡವರಿಗೆ ಮಾತ್ರ 1861ರಿಂದಲೇ ವಿನಾಯಿತಿ ಇತ್ತು, ಇಂದಿಗೂ ಇದೆ, 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯೂ ಆಗಿದೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಗುಂಡು ಹಾರಿಸುವ ವಾಡಿಕೆ. ಗದಗಿನಲ್ಲಿ ಪೇಢೆ ಹಂಚುತ್ತಾರೆ. ನಮ್ಮ ಸೀಮೆಯಲ್ಲಿ ಆಗ ಬೇರೊಂದು ತೊಡಕಿತ್ತು. ಗದಗ ಬ್ರಿಟಿಷರದು, ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮೀರಜಿನವರದು. ಮುಂಜಾನೆ ಬಂಡಿ ಏರಿದ ಬಂದೂಕೊಂದು ಸಂಜೆಯೊಳಗೆ ಮೂರು ಸರಕಾರಗಳ ಹದ್ದು ದಾಟುತ್ತಿತ್ತು. ಎತ್ತುಗಳಿಗೆ ಇದು ತಿಳಿಯುತ್ತಿತ್ತೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಸ್ವತಂತ್ರ ಭಾರತದ ಶಸ್ತ್ರ ಕಾಯ್ದೆ 1959ರದು. ಜಾರಿಯಾದದ್ದು 1962ರ ಅಕ್ಟೋಬರ್ 1ಕ್ಕೆ, ಗಾಂಧಿ ಜಯಂತಿಯ ಹಿಂದಿನ ದಿನ. ಈ ಕಾಯ್ದೆಯ ಸಾಹಿತ್ಯಿಕ ಮೌಲ್ಯವನ್ನು ನಮ್ಮ ವಿಮರ್ಶಕರು ಗಮನಿಸಿಲ್ಲ. ‘ಆಯುಧ’ ಎಂದರೇನು ಎಂದು ಹೇಳುವಾಗ ಅದು ಲಾಠಿಯನ್ನೂ ನಡೆಗೋಲನ್ನೂ ಹೆಸರು ಹೇಳಿ ಹೊರಗಿಡುತ್ತದೆ. ಅಂದರೆ ನಮ್ಮ ಬಡಿಗಿಗೆ ಸಂಸತ್ತಿನ ಆಶೀರ್ವಾದ ಉಂಟು. ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದರೆ ಅದು ಶಸ್ತ್ರ, ಆದರೆ ಒಕ್ಕಲುತನಕ್ಕೆ ಇಲ್ಲವೇ ಅಡುಗೆಮನೆಗೆಂದೇ ಮಾಡಿದ್ದಾದರೆ ಅಲ್ಲ. ಅಳತೆಪಟ್ಟಿ ಹಿಡಿದು ನಾವು ಬೆಟಗೇರಿಯ ಸಂತೆಯಲ್ಲಿ ಕುಡಗೋಲು, ಕೊಡ್ಲಿ, ಈಳಿಗೆಮಣೆಗಳನ್ನು ಪರೀಕ್ಷಿಸಿದೆವು. ಈಳಿಗೆಮಣೆ ಮಾರುವ ಹೆಣ್ಣುಮಗಳು, “ತಗೊಳ್ಳಾವ್ರಿದ್ರ ತಗೋರಿ, ಅಳದು ಅಳದು ಇಡಬ್ಯಾಡ್ರಿ” ಎಂದು ಕ್ಷೇತ್ರಕಾರ್ಯಕ್ಕೆ ಅಡ್ಡಿಪಡಿಸಿದಳು. ಶೆಡ್ಯೂಲಿನಲ್ಲಿ ಖಾರಪುಡಿಯ ಹೆಸರಿಲ್ಲ. ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ಗಿರಮಿಟ್ಟಿನ ಜೋಡಿ ಕೊಡುವ ಮಿರ್ಚಿಯನ್ನು ಒಮ್ಮೆ ತಿಂದಿದ್ದರೆ ಕಾಯ್ದೆ ಬರೆದವರು ಈ ಲೋಪ ಮಾಡುತ್ತಿರಲಿಲ್ಲ.

ಬಂದೂಕಿನ ಮಾತು. ಪೂರ್ವಜರ ಕಾಲದ ಮೂರು ಬಂದೂಕು ಗೋಡೆಗೆ ನೇತುಹಾಕಿದ್ದವರು 2019ರ ತಿದ್ದುಪಡಿಯಿಂದ ಎರಡಕ್ಕೆ ಇಳಿಯಬೇಕಾಯಿತು. ಲೈಸೆನ್ಸಿನ ಆಯಸ್ಸು ಮೂರು ವರ್ಷದಿಂದ ಐದಕ್ಕೆ ಏರಿತು. ಮದುವೆ ಮೆರವಣಿಗೆಯಲ್ಲಿ ಉಮೇದಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬ್ಯಾಂಜೊ ಕಂಪನಿಯವರು ನಡುರಾತ್ರಿ ಮಾಡುವ ಅನಾಹುತಕ್ಕೆ ಈ ಕಾಯ್ದೆಯಲ್ಲಿ ಕಲಮು ಇಲ್ಲ. 2016ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಗವಸಿನಲ್ಲಿ ಮುಚ್ಚಿಯೇ ಒಯ್ಯಬೇಕು, ಝಳಪಿಸಬಾರದು ಎನ್ನುತ್ತವೆ. ನಮ್ಮ ಸೀಮೆಯಲ್ಲಿ ಗವಸಿಗೆ ಕೌದಿ ಎನ್ನುತ್ತಾರೆ.

ನಾವು ಕಂಡ ಮೊದಲ ಬಂದೂಕು ಬ್ಯಾಂಕಿನ ಕಾವಲುಗಾರರದು. ಮಿಲಿಟರಿಯಿಂದ ನಿವೃತ್ತರಾದವರು, ಜೋಡು ನಳಿಗೆಯದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದರ ಮೇಲೆ ಚಲನ್ ಪುಸ್ತಕ ಇಟ್ಟು, ಅಕ್ಷರ ಬಾರದವರಿಗೆ ಬರೆದುಕೊಡುತ್ತಿದ್ದರು. ಇಡೀ ದಿನದಲ್ಲಿ ಆ ಬಂದೂಕು ಮಾಡಿದ ಕೆಲಸ ಮೇಜಿನದು.

ಎರಡನೆಯದು ಮುಂಡರಗಿ ಕಡೆಯ ಗೌಡರೊಬ್ಬರದು, ಅಜ್ಜನಿಂದ ಬಂದದ್ದು. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಯಲ್ಲಿ ಇಡಲು ಹೇಳುತ್ತಾರೆ. ಯಾರು ಇಡಬೇಕು, ಯಾರು ಬೇಡ ಎಂದು ನೋಡಲು ಸಮಿತಿಯೂ ಇದೆ, ಬ್ಯಾಂಕಿನ ಕಾವಲಿನವಕ್ಕೆ ರಿಯಾಯಿತಿ ಸಿಗುತ್ತದೆ. ಗೌಡರ ಬಂದೂಕು ಮಾತ್ರ ಪ್ರತಿ ಸಲವೂ ಆಯ್ಕೆಯಾಗುತ್ತದೆ. ಅವರು ಸ್ವತಃ ಒಮ್ಮೆಯೂ ಆಯ್ಕೆಯಾಗಿಲ್ಲ. ನಾವು ಲೆಕ್ಕ ಹಾಕಿದೆವು. ವಿಧಾನಸಭೆಗೆ 2023ರ ಮಾರ್ಚ್ 29ರ ಘೋಷಣೆಯಿಂದ ಮೇ 13ರ ಎಣಿಕೆವರೆಗೆ 45 ದಿನ. ಲೋಕಸಭೆಗೆ 2024ರ ಮಾರ್ಚ್ 16ರಿಂದ ಜೂನ್ 4ರವರೆಗೆ 80 ದಿನ. ಹದಿನೈದು ತಿಂಗಳೊಳಗೆ 125 ದಿನ ಠಾಣೆವಾಸ, ಬಿಡಿಸಿಕೊಳ್ಳುವ ಅಲೆದಾಟ ಬೇರೆ. ಪಾಂಡವರ ಬಾಬತ್ತಿಗೆ ಒಂದು ವರ್ಷದ ಅಜ್ಞಾತವಾಸ ಒಮ್ಮೆಗೇ ಮುಗಿದಿತ್ತು.

ಬಂದೂಕನ್ನು ಕೌದಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಗೌಡರು ಬಸ್ ಹತ್ತಿದಾಗ ನಾವು ಹಿಂದಿನ ಸೀಟಿನಲ್ಲಿದ್ದೆವು.

“ಗೌಡ್ರ, ಏನ್ರಿ ಇದು?” ಕಂಡಕ್ಟರ್ ಕೇಳಿದ.

“ಬಂದೂಕೋ ತಮ್ಮಾ. ಠಾಣೆಕ್ಕ ಒಯ್ಯಾಕತ್ತೀನಿ.”

“ಅದು ಗೊತ್ತೈತ್ರಿ, ಹೋದ ಇಲೆಕ್ಷನ್ದಾಗೂ ನಾನ ಇದ್ನೆಲ್ಲಾ. ಕೌದಿ ಕೇಳಿದೆ. ಯಾರು ಹೊಲದದ್ರಿ ಇದನ್ನ? ಟಾಕಿ ಭಾಳ ಸಣ್ಣ ಅದಾವು.”

ಮುಂದಿನ ಸೀಟಿನ ಮೂವರು ಹೆಣ್ಣುಮಕ್ಕಳು ತಿರುಗಿ ಕೌದಿಯ ಅಂಚು ಹಿಡಿದು ನೋಡಿದರು. ಒಬ್ಬಾಕೆ ಇದು ತನ್ನ ತವರು ಡಂಬಳದ ಕೈ ಎಂದಳು. ಠಾಣೆ ಬರುವವರೆಗೂ ಬಂದೂಕಿನ ಮಾತು ಯಾರೂ ಎತ್ತಲಿಲ್ಲ.

ಈ ಬಂದೂಕು ಇರುವುದಾದರೂ ಯಾತಕ್ಕೆ? ಲೈಸೆನ್ಸಿನಲ್ಲಿ ‘ಬೆಳೆ ರಕ್ಷಣೆ’ ಎಂದಿದೆ. ಬೆಳೆ ತಿನ್ನುವುದು ಚಿಗರಿ, ಅಂದರೆ ಕೃಷ್ಣಮೃಗ. ಚಿಗರಿಯನ್ನು 1972ರ ವನ್ಯಜೀವಿ ಕಾಯ್ದೆ ಮೊದಲ ಶೆಡ್ಯೂಲಿನಲ್ಲಿ ಕೂರಿಸಿ ಕಾಯುತ್ತದೆ. ಅದಕ್ಕೆ ಗುರಿಯಿಟ್ಟರೆ ಗೌಡರು ಜೈಲಿಗೆ. ಸಾಲದ್ದಕ್ಕೆ ಈ ಸೀಮೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಧಾಮದ ಒಳಗೆ ಮತ್ತು ಸುತ್ತಲ 10 ಕಿಲೋಮೀಟರಿನೊಳಗಿನ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ಬರೆಸಬೇಕು. ಹೀಗೆ ಒಂದು ಬಂದೂಕಿಗೆ ಜಿಲ್ಲಾಧಿಕಾರಿ, ಪೊಲೀಸು, ಅರಣ್ಯ, ಚುನಾವಣಾ ಆಯೋಗ ಎಂಬ ನಾಲ್ವರು ಯಜಮಾನರು. ಐದನೆಯವರಾದ ಗೌಡರ ಪಾಲಿಗೆ ಉಳಿದದ್ದು ಎಣ್ಣೆ ಹಾಕುವ ಕೆಲಸ. ಆಯುಧಪೂಜೆಗೆ ಕುಂಕುಮ ಹಚ್ಚುವುದೂ ಅವರೇ, ಬಂದೂಕು ಮನೆಯಲ್ಲಿದ್ದ ವರ್ಷ.

ಠಾಣೆವಾಸದ ಕಾಲದಲ್ಲಿ ಬೆಳೆ ಕಾಯ್ದದ್ದು ಅಡುಗೆಮನೆಯ ಒಂದು ಸ್ಟೀಲ್ ತಾಟು. ಗೌಡರ ಮಗ ನಸುಕಿನಲ್ಲಿ ಬದುವಿನ ಮೇಲೆ ನಿಂತು ಬಡಿಗಿಯಿಂದ ಅದನ್ನು ಬಾರಿಸಿದರೆ ಚಿಗರಿ ಹಿಂಡು ಸೀಮೆ ದಾಟುತ್ತಿತ್ತು. ಬಡಿಗಿಗೆ ಕಾಯ್ದೆಯ ಅಪ್ಪಣೆ ಇದ್ದೇ ಇದೆ, ತಾಟು ಯಾವ ಶೆಡ್ಯೂಲಿನಲ್ಲೂ ಇಲ್ಲ.

ಬಂದೂಕು ಬಿಡಿಸಿಕೊಂಡು ಬಂದ ಸಂಜೆ ಗೌಡರ ಮನೆಯಲ್ಲಿ ನಮಗೆ ಊಟ. ನಾವು ನಾಲ್ಕು ಜನ ಕೂತಿದ್ದೆವು, ಮೂರು ತಾಟು ಬಂದವು. ಗೌಡತಿಯವರು ಒಳಗಿನಿಂದಲೇ ಕೇಳಿದರು:

“ರೀ, ನಿಮ್ಮ ಬಂದೂಕು ಬಂತಲ್ಲ, ಇನ್ನರೆ ನನ್ನ ತಾಟು ತರಸ್ರಿ.”

ಗೌಡರು ಬಂದೂಕಿನ ಕಡೆ ನೋಡಿದರು, ಹೊಲದ ಕಡೆ ನೋಡಿದರು.

“ತಾಟು ಅಲ್ಲೇ ಇರ್ಲಿ. ಕೌದಿ ಬೇಕಂದ್ರ ತಗೋ.”